ಇರುವೆ ಸೇತುವೆ: ನಾಲ್ಕು ಸಲ ಕಟ್ಟಿದೆ, ಪ್ರಶ್ನೆಯನ್ನು ಇನ್ನೂ ಜಾಸ್ತಿ ಸಲ ತಿದ್ದಿದೆ

ಗೋಡೆಯ ಮೇಲೆ ಇರುವೆ ಸಾಲು ಹೋಗುತ್ತಿತ್ತು. ಸುಮ್ನೆ ಬೆರಳಿನಿಂದ ಅಡ್ಡಕ್ಕೆ ಒಂದು ಗೆರೆ ಎಳೆದೆ. ಚಿಕ್ಕವರಿದ್ದಾಗ ಇದನ್ನು ಮಾಡದವರು ಯಾರೂ ಇರಲಿಕ್ಕಿಲ್ಲ. ಸಾಲು ಅಲ್ಲೇ ತುಂಡಾಯಿತು. ಆ ಕಡೆಯವು ಆ ಕಡೆ, ಈ ಕಡೆಯವು ಈ ಕಡೆ ನಿಂತವು. ಮೀಸೆ ಆಡಿಸಿದವು, ಹಿಂದಕ್ಕೆ ತಿರುಗಿದವು, ಮತ್ತೆ ಬಂದವು. ಸ್ವಲ್ಪ ಹೊತ್ತಿಗೆ ಒಂದು ಇರುವೆ ಹೇಗೋ ದಾಟಿತು. ಅದರ ಹಿಂದೆ ಇನ್ನೆರಡು. ಆಮೇಲೆ ಏನೂ ಆಗೇ ಇಲ್ಲ ಅನ್ನುವಂತೆ ಸಾಲು ಕೂಡಿಕೊಂಡಿತು.

"ವಾಸನೆ ಅಳಿಸಿಹೋಯ್ತು, ಅದಕ್ಕೇ" ಎಂದು ಪಕ್ಕದಲ್ಲಿದ್ದ ಗೆಳೆಯ ಹೇಳಿದ. ನಾನೂ ಹಾಗೇ ಓದಿದ್ದೆ: ಇರುವೆಗಳು ನಡೆಯುತ್ತಾ ವಾಸನೆಯ ಜಾಡು ಬಿಡುತ್ತವೆ, ಹಿಂದಿನವು ಅದನ್ನು ಹಿಡಿದು ಬರುತ್ತವೆ. ಬೆರಳಾಡಿಸಿ ಇರುವೆ ಸಾಲು ತುಂಡು ಮಾಡುವ ಪ್ರಯೋಗವನ್ನು ನಿಸರ್ಗ ವಿಜ್ಞಾನಿ ಶಾರ್ಲ್ ಬೊನೆ 18ನೇ ಶತಮಾನದಲ್ಲೇ ಮಾಡಿ ಬರೆದಿಟ್ಟಿದ್ದಾರೆ. ಅಷ್ಟು ಹಳೆಯ ವಿಷಯ. ಆದರೆ ಕೈ ತೊಳೆಯಲು ಹೋದಾಗ ಬೆರಳಿಗೆ ಒಂದು ಜಜ್ಜಿದ ಇರುವೆ ಅಂಟಿಕೊಂಡಿದ್ದು ಕಂಡಿತು. ಅಲ್ಲಿಂದ ತಲೆಗೆ ಹುಳ ಹೊಕ್ಕಿತು. ನಾನು ಗೋಡೆಯಿಂದ ಏನನ್ನೋ ತೆಗೆದೆನೋ, ಗೋಡೆಗೆ ಏನನ್ನೋ ಹಚ್ಚಿದೆನೋ?

ಜಾಡಿನ ವಾಸನೆ ಅಳಿಸಿರಬಹುದು. ನನ್ನ ಬೆರಳಿನ ಬೆವರು ಅಲ್ಲಿ ಕೂತಿರಬಹುದು. ಇಲ್ಲವೇ ಜಜ್ಜಿಹೋದ ಇರುವೆ ಎಚ್ಚರಿಕೆಯ ರಾಸಾಯನಿಕ ಬಿಟ್ಟಿರಬಹುದು. ಎಷ್ಟೋ ಜಾತಿಯ ಇರುವೆಗಳು ಅಪಾಯದಲ್ಲಿ ಹಾಗೆ ಬಿಡುತ್ತವೆ. ಮೂರರಲ್ಲಿ ಯಾವುದು ನಿಜವಾದರೂ ನನ್ನ ಕಣ್ಣಿಗೆ ಕಾಣುವುದು ಒಂದೇ ದೃಶ್ಯ. ಈ ಮೂರನ್ನೂ ಬಿಡಿಸಿ ನೋಡುವುದಕ್ಕೆ ಒಂದು ಸೇತುವೆ ಕಟ್ಟೋಣ ಅಂದುಕೊಂಡೆ. ಒಂದು ವಾರಾಂತ್ಯದ ಕೆಲಸ ಅಂತ ಲೆಕ್ಕ ಹಾಕಿದ್ದೆ. ಎರಡು ತಿಂಗಳು ಹಿಡಿಯಿತು.

ಮೊದಲು ಪ್ರಶ್ನೆಯ ರಿಪೇರಿ

ನೋಟ್‌ಬುಕ್ಕಿನ ಮೊದಲ ಸಾಲು ಹೀಗಿದೆ: "ಗೆರೆ ಎಳೆದರೆ ಇರುವೆಗಳಿಗೆ ಯಾಕೆ ಗಾಬರಿಯಾಗುತ್ತದೆ?" ಬರೆದಾಗ ಚೆನ್ನಾಗಿಯೇ ಕಂಡಿತು. ಮಾರನೇ ದಿನ ಓದಿದಾಗ ಎರಡು ಪದ ಚುಚ್ಚಿದವು.

ಒಂದು, ಗಾಬರಿ. ಗಾಬರಿಯನ್ನು ನಾನು ನೋಡಿರಲಿಲ್ಲ. ನೋಡಿದ್ದು ಇಷ್ಟೇ: ನಿಂತವು, ಮೀಸೆ ಆಡಿಸಿದವು, ಹಿಂದಕ್ಕೆ ತಿರುಗಿದವು. ಅದಕ್ಕೆ ಗಾಬರಿ ಅಂತ ಹೆಸರಿಟ್ಟವನು ನಾನು. ಉತ್ತರವನ್ನು ಪ್ರಶ್ನೆಯ ಹೊಟ್ಟೆಯೊಳಗೇ ತುರುಕಿಬಿಟ್ಟಿದ್ದೆ. ಮನೋವಿಜ್ಞಾನಿ ಲಾಯ್ಡ್ ಮಾರ್ಗನ್ 1894ರಲ್ಲೇ ಇದಕ್ಕೊಂದು ಕಡಿವಾಣ ಹಾಕಿದ್ದರು. ಪ್ರಾಣಿಯ ನಡವಳಿಕೆಯನ್ನು ಸರಳವಾದ ಶಕ್ತಿಯಿಂದ ವಿವರಿಸಲು ಆಗುವಾಗ, ಅದಕ್ಕಿಂತ ಮೇಲಿನ ಮಾನಸಿಕ ಶಕ್ತಿಯನ್ನು ಎಳೆದು ತರಬಾರದು ಎನ್ನುವುದು ಅವರ ನಿಯಮ. ನನಗೆ ಅದರಿಂದ ಆದ ಉಪಯೋಗ ತೀರಾ ಪ್ರಾಕ್ಟಿಕಲ್ ಆದದ್ದು. ಗಾಬರಿಯನ್ನು ಎಣಿಸಲು ಆಗುವುದಿಲ್ಲ. ಹಿಂದಕ್ಕೆ ತಿರುಗಿದ ಇರುವೆಗಳನ್ನು ಎಣಿಸಬಹುದು.

ಎರಡು, ಯಾಕೆ. ಇದು ಇನ್ನೂ ಕಿಲಾಡಿ ಪದ. ಪ್ರಾಣಿಗಳ ನಡವಳಿಕೆಯ ಬಗ್ಗೆ ಕೇಳುವ "ಯಾಕೆ" ಒಳಗೆ ನಾಲ್ಕು ಬೇರೆ ಬೇರೆ ಪ್ರಶ್ನೆಗಳಿವೆ ಎಂದು ಜೀವವಿಜ್ಞಾನಿ ನಿಕೊ ಟಿನ್‌ಬರ್ಗೆನ್ 1963ರಲ್ಲಿ ಬರೆದರು. ಇರುವೆಗೆ ಹೊಂದಿಸಿ ಹೇಳುವುದಾದರೆ: ಈ ಗಳಿಗೆಯಲ್ಲಿ ಅದನ್ನು ತಿರುಗಿಸುತ್ತಿರುವುದು ಯಾವುದು? ಹೀಗೆ ತಿರುಗುವುದನ್ನು ಅದು ಕಲಿತದ್ದೋ, ಹುಟ್ಟಿನಿಂದಲೇ ಬಂದದ್ದೋ? ಇದರಿಂದ ಅದರ ಬದುಕಿಗೆ ಏನು ಲಾಭ? ಹಿಂದಿನ ಜಾತಿಗಳಿಂದ ಈ ಗುಣ ಇಲ್ಲಿಯವರೆಗೆ ಹೇಗೆ ಬಂತು? ನಾಲ್ಕಕ್ಕೂ ನಾಲ್ಕು ಥರದ ಪ್ರಯೋಗ ಬೇಕು.

ಅವರದೇ ಒಂದು ಕೆಲಸ ಇದಕ್ಕೆ ಚೆನ್ನಾದ ಉದಾಹರಣೆ. ಕಪ್ಪುತಲೆಯ ಗಲ್ ಎಂಬ ಕಡಲ ಹಕ್ಕಿ, ಮರಿ ಹೊರಗೆ ಬಂದ ಮೇಲೆ ಒಡೆದ ಚಿಪ್ಪನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಹೋಗಿ ಗೂಡಿನಿಂದ ದೂರ ಹಾಕುತ್ತದೆ. ಯಾಕೆ? ಟಿನ್‌ಬರ್ಗೆನ್ ತಂಡ ಬಯಲಿನಲ್ಲಿ ಮೊಟ್ಟೆಗಳನ್ನಿಟ್ಟು, ಕೆಲವುದರ ಹತ್ತಿರ ಒಡೆದ ಚಿಪ್ಪನ್ನೂ ಇಟ್ಟಿತು. ಚಿಪ್ಪು ಹತ್ತಿರ ಇದ್ದ ಮೊಟ್ಟೆಗಳನ್ನು ಕಾಗೆಗಳು ಮತ್ತು ಬೇರೆ ಗಲ್‌ಗಳು ಜಾಸ್ತಿ ಹುಡುಕಿ ತಿಂದವು. 1962ರಲ್ಲಿ ಇದು ಪ್ರಕಟವಾಯಿತು. ಲಾಭದ ಪ್ರಶ್ನೆಗೆ ಇದು ಉತ್ತರ. ಆದರೆ ಚಿಪ್ಪಿನ ಯಾವ ಗುಣ ನೋಡಿ ಹಕ್ಕಿ ಅದನ್ನು ಎತ್ತುತ್ತದೆ ಅನ್ನುವುದಕ್ಕೆ ಇದು ಉತ್ತರವಲ್ಲ, ಅಲ್ವಾ? ಅದಕ್ಕಾಗಿ ಅವರು ಬೇರೆ ಬೇರೆ ಬಣ್ಣ, ಆಕಾರದ ನಕಲಿ ಚಿಪ್ಪುಗಳನ್ನು ಗೂಡಿನಲ್ಲಿಟ್ಟು ನೋಡಬೇಕಾಯಿತು.

ನನ್ನ ಮೇಜಿನ ಮೇಲೆ ಆಗುವಂಥದ್ದು ಮೊದಲನೇ ಬಗೆಯ ಪ್ರಶ್ನೆ ಮಾತ್ರ. ಉಳಿದ ಮೂರನ್ನೂ ಹೊಡೆದು ಹಾಕಿ ಹೀಗೆ ಬರೆದೆ: "ದಾರಿಯ ಮೇಲ್ಮೈಯಲ್ಲಿ ಇರುವುದನ್ನು ತೆಗೆದು, ಬೇರೆ ಏನನ್ನೂ ಸೇರಿಸದೆ ಇದ್ದರೆ, ಇರುವೆಗಳು ಹಿಂದಕ್ಕೆ ತಿರುಗುತ್ತವೆಯೇ?" ಹೀಗೆ ಬರೆದ ಕೂಡಲೇ ಏನು ಕಟ್ಟಬೇಕು ಅನ್ನುವುದೂ ಗೊತ್ತಾಯಿತು. ಒಂದು ತುಂಡನ್ನು ಎತ್ತಿ ತೆಗೆಯಬಹುದಾದ ದಾರಿ ಬೇಕು.

ಮೊದಲ ಸೇತುವೆ

60 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ರಟ್ಟು. ಅದರ ಮೇಲೆ 20 ಸೆಂ.ಮೀ.ನ ಮೂರು ಕಾಗದದ ಪಟ್ಟಿಗಳು. ನಡುವಿನ ಪಟ್ಟಿಗೆ ಅಂಟು ಹಾಕಿಲ್ಲ, ಸುಮ್ನೆ ಕೂರಿಸಿದ್ದು. ಒಂದು ತುದಿ ಇರುವೆ ಸಾಲಿನ ಪಕ್ಕ. ಇನ್ನೊಂದು ತುದಿ, ನೀರು ತುಂಬಿದ ತಟ್ಟೆಯ ನಡುವೆ ನಿಂತ ಒಂದು ಡಬ್ಬಿಯ ಮೇಲೆ. ಡಬ್ಬಿಯ ಮೇಲೆ ಸಕ್ಕರೆ ನೀರಿನ ಹನಿಗಳು. ನೀರು ಸುತ್ತಲೂ ಇರುವುದರಿಂದ ಸೇತುವೆ ಬಿಟ್ಟರೆ ಬೇರೆ ದಾರಿ ಇಲ್ಲ.

ಮೊದಲ ಇರುವೆ ಸಕ್ಕರೆ ಹುಡುಕಲು ಅರ್ಧ ದಿನ ತೆಗೆದುಕೊಂಡಿತು. ಅದು ಹೊಟ್ಟೆ ತುಂಬಿಸಿಕೊಂಡು ಗೂಡಿಗೆ ಹೋದ ಮೇಲೆ ಒಂದು ಗಂಟೆಯೊಳಗೆ ಸಾಲು ಕಟ್ಟಿತು. ನಾನು ಚಿಮುಟದಿಂದ ನಡುವಿನ ಪಟ್ಟಿ ಎತ್ತಿ ಹೊಸ ಕಾಗದ ಇಟ್ಟೆ.

ಏನೂ ಆಗಲಿಲ್ಲ. ಇರುವೆಗಳು ಆರಾಮಾಗಿ ದಾಟಿದವು.

"ವಾಸನೆ ಮುಖ್ಯವಲ್ಲ" ಎಂದು ನೋಟ್‌ಬುಕ್ಕಿನಲ್ಲಿ ಬರೆದೂ ಆಗಿತ್ತು. ದೊಡ್ಡ ಸತ್ಯ ಕಂಡುಹಿಡಿದೆ ಅನ್ನುವ ಖುಷಿಯಲ್ಲಿ ಕೆಳಗೆ ಬಿದ್ದ ಪೆನ್ಸಿಲ್ ತೆಗೆಯಲು ಬಗ್ಗಿದೆ. ಸೇತುವೆಯ ಅಡಿಯಲ್ಲಿ ಇನ್ನೊಂದು ಸಾಲು ತಲೆಕೆಳಗಾಗಿ ಹೋಗುತ್ತಿತ್ತು! ಮೇಲೆ ಹೋಗುತ್ತಿದ್ದವೂ ಅಷ್ಟೇ, ಬಹಳಷ್ಟು ರಟ್ಟಿನ ಅಂಚು ಹಿಡಿದು ನಡೆಯುತ್ತಿದ್ದವು. ಇರುವೆಗಳಿಗೆ ಅಂಚು ಅಂದರೆ ಇಷ್ಟ. ಗೋಡೆಯಲ್ಲಿ ಮೂಲೆ, ನೆಲದಲ್ಲಿ ಟೈಲ್ಸ್ ಸಂದು ಹಿಡಿದು ಹೋಗುವುದನ್ನು ಎಲ್ಲರೂ ನೋಡಿದ್ದೇವೆ. ನಾನು ಬದಲಿಸಿದ್ದು ಅವು ನಡೆಯದ ಕಾಗದವನ್ನು.

ಎರಡನೇ ಸೇತುವೆ, ಪೌಡರ್ ಬಳಿದದ್ದು

ರಟ್ಟು ತೆಗೆದು ಮರದ ಪಟ್ಟಿ ಹಾಕಿದೆ. ಕಾಗದವನ್ನು 4 ಸೆಂ.ಮೀ. ಅಗಲಕ್ಕೆ ಕತ್ತರಿಸಿ, ಕುದುರೆಯ ಜೀನಿನ ಹಾಗೆ ಎರಡೂ ಬದಿ ಮಡಚಿ ಕೂರಿಸಿದೆ. ಈಗ ಅಂಚೂ ಕಾಗದದ್ದೇ. ಪಟ್ಟಿಯ ಕೆಳಗೆ ಎರಡೂ ಬದಿಗೆ ತೆಳು ಪ್ಲಾಸ್ಟಿಕ್ ಹಾಳೆಯ ಲಂಗ, 3 ಸೆಂ.ಮೀ. ಇಳಿಬಿಟ್ಟದ್ದು. ಅದಕ್ಕೆ ಟಾಲ್ಕಂ ಪೌಡರನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಕಲಸಿ ಬ್ರಷ್‌ನಿಂದ ಬಳಿದೆ. ಆಲ್ಕೋಹಾಲ್ ಆರಿಹೋದ ಮೇಲೆ ಪೌಡರಿನ ತೆಳುವಾದ ಪದರ ಉಳಿಯುತ್ತದೆ. ಇರುವೆ ಕಾಲಿಟ್ಟರೆ ಪೌಡರಿನ ಕಣ ಕಿತ್ತು ಬರುತ್ತದೆ, ಹಿಡಿತ ಸಿಗುವುದಿಲ್ಲ. ಇರುವೆ ಸಾಕುವ ಹವ್ಯಾಸಿಗಳು ಡಬ್ಬಿಯ ಬಾಯಿಗೆ ಬಳಿಯುವುದು ಇದನ್ನೇ.

ನಾನು ದಪ್ಪಗೆ ಬಳಿದೆ. ಜಾಸ್ತಿ ಬಳಿದರೆ ಜಾಸ್ತಿ ಗಟ್ಟಿ ಅಂದುಕೊಂಡೆ. ಒಣಗಿದ ಮೇಲೆ ಪದರ ಬಿರಿದು ಚಕ್ಕೆ ಎದ್ದಿತು, ಪುಡಿ ದಾರಿಯ ಮೇಲೂ ಹರಡಿತು. ಇರುವೆಗಳು ನಡೆಯುವುದು ಬಿಟ್ಟು ನಿಂತು ಮೀಸೆಯನ್ನು ಮುಂಗಾಲಿನಿಂದ ಬಾಚಿಕೊಳ್ಳತೊಡಗಿದವು. ಅವುಗಳ ಮುಂಗಾಲಿನಲ್ಲಿ ಮೀಸೆ ಬಾಚಲೆಂದೇ ಒಂದು ಹಣಿಗೆ ಇದೆ. ನೋಡಲು ಚಂದ, ಪ್ರಯೋಗಕ್ಕೆ ದಂಡ. ಎಲ್ಲಾ ತೊಳೆದು, ಸೇತುವೆ ಜೋಡಿಸುವ ಮೊದಲೇ ಲಂಗಕ್ಕೆ ತೆಳ್ಳಗೆ ಒಂದೇ ಕೈ ಬಳಿದು, ಒಣಗಿಸಿ, ಜೋರಾಗಿ ತಟ್ಟಿ ಪುಡಿ ಉದುರಿಸಿದೆ. ಆಮೇಲೆ ಸರಿಹೋಯಿತು.

ಇನ್ನು ಕಂಟ್ರೋಲ್, ಅಂದರೆ ಹೋಲಿಸಿ ನೋಡಲು ಮಾಡುವ ಪ್ರಯೋಗ. ಹೊಸ ಪಟ್ಟಿ ಇಟ್ಟಾಗ ಇರುವೆ ತಿರುಗಿದರೆ, ಅದು ಪಟ್ಟಿ ಹೊಸದು ಅಂತಲೋ, ನಾನು ಸೇತುವೆ ಅಲ್ಲಾಡಿಸಿದೆ ಅಂತಲೋ? ಇದನ್ನು ಬಿಡಿಸಲು ಹಳೇ ಪಟ್ಟಿಯನ್ನೇ ಎತ್ತಿ, ಹಾಗೇ ಮತ್ತೆ ಇಡುವುದು. ಕೈಯ ಗಲಾಟೆ ಎರಡರಲ್ಲೂ ಒಂದೇ, ಮೇಲ್ಮೈ ಮಾತ್ರ ಬೇರೆ. ಇಡೀ ಪ್ರಯೋಗದಲ್ಲಿ ಇದಕ್ಕಿಂತ ಬೆಲೆಬಾಳುವ ಭಾಗ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಮಾಡಲು ಇದಕ್ಕಿಂತ ಬೇಜಾರಿನ ಭಾಗವೂ ಇಲ್ಲ.

ಆ ಕಂಟ್ರೋಲೇ ಕೈಕೊಟ್ಟಿತು. ಹಳೇ ಪಟ್ಟಿ ವಾಪಸ್ ಇಟ್ಟರೂ ಇರುವೆಗಳು ತಿರುಗಿದವು. ಒಂದು ಸಂಜೆ ಪೂರ್ತಿ ತಲೆ ಕೆರೆದುಕೊಂಡೆ. ಕೊನೆಗೆ ಒಂದೊಂದಾಗಿ ಮೂರು ಕಾರಣ ಸಿಕ್ಕವು.

ಮೊದಲನೆಯದು ನನ್ನ ಉಸಿರು. ಚಿಮುಟ ಹಿಡಿದು ಮುಖವನ್ನು ಸೇತುವೆಯ ಹತ್ತಿರ ತಂದು, ಉಸಿರು ಬಿಗಿ ಹಿಡಿದು, ಪಟ್ಟಿ ಇಟ್ಟ ಸಮಾಧಾನಕ್ಕೆ "ಹುಶ್" ಎಂದು ಬಿಡುತ್ತಿದ್ದೆ. ಬೆಚ್ಚಗಿನ, ತೇವದ, ಕಾರ್ಬನ್ ಡೈ ಆಕ್ಸೈಡ್ ತುಂಬಿದ ಗಾಳಿ ನೇರ ಅವುಗಳ ಮೇಲೆ. ಇರುವೆಗಳಿಗೆ ಅದು ದೊಡ್ಡ ಸುದ್ದಿ. ಗೂಡಿನ ಬಾಯಿಗೆ ಒಮ್ಮೆ ಊದಿ ನೋಡಿ, ಗೊತ್ತಾಗುತ್ತದೆ. ನಡುವೆ ಒಂದು ಪಾರದರ್ಶಕ ಹಾಳೆ ನಿಲ್ಲಿಸಿದೆ.

ಎರಡನೆಯದು ಸಂದು. ವಾಪಸ್ ಇಟ್ಟ ಪಟ್ಟಿ ಒಂದೆರಡು ಮಿಲಿಮೀಟರ್ ಪಕ್ಕಕ್ಕೆ ಜರುಗುತ್ತಿತ್ತು. ನಮಗೆ ಅದು ಏನೂ ಅಲ್ಲ, ಅವುಗಳಿಗೆ ಅದು ಮೆಟ್ಟಿಲು. ಎರಡು ಗುಂಡುಪಿನ್ನು ಚುಚ್ಚಿ, ಪಟ್ಟಿಗೆ ಎರಡು ತೂತು ಮಾಡಿ, ಪ್ರತಿ ಸಲ ಅದೇ ಜಾಗದಲ್ಲಿ ಕೂರುವ ಹಾಗೆ ಮಾಡಿದೆ.

ಮೂರನೆಯದು ಹೊತ್ತು. ಒಮ್ಮೆ ಪಟ್ಟಿ ಎತ್ತಿದ ಹೊತ್ತಿಗೆ ಫೋನ್ ಬಂತು. ಮಾತು ಮುಗಿಸಿ ಕಾಲು ಗಂಟೆ ಬಿಟ್ಟು ಇಟ್ಟರೆ, ಹಳೇ ಪಟ್ಟಿ ಹೊಸದರ ಹಾಗೇ ಇತ್ತು. ಜಾಡಿನ ರಾಸಾಯನಿಕ ಆರಿಹೋಗುವಂಥದ್ದು. ಕೆಲವು ಜಾತಿಗಳಲ್ಲಿ ನಿಮಿಷಗಳಲ್ಲಿ ಆರುತ್ತದೆ, ಕೆಲವುದರಲ್ಲಿ ದಿನಗಟ್ಟಲೆ ಉಳಿಯುತ್ತದೆ. ನುಣುಪಾದ ಪ್ಲಾಸ್ಟಿಕ್‌ಗಿಂತ ಕಾಗದದ ಮೇಲೆ ಬೇಗ ಮಂಕಾಗುತ್ತದೆ. ಅಂದಿನಿಂದ ನಿಯಮ ಹಾಕಿಕೊಂಡೆ: ಯಾವ ಪಟ್ಟಿಯಾದರೂ ಸರಿ, ಎತ್ತಿದ 30 ಸೆಕೆಂಡಿಗೆ ಇಡಬೇಕು. ಫೋನ್ ಇನ್ನೊಂದು ಕೋಣೆಯಲ್ಲಿ.

ಇಷ್ಟಾದ ಮೇಲೆ ವಾಪಸ್ ಇಟ್ಟ ಪಟ್ಟಿಯ ಮೇಲೆ ಇರುವೆಗಳು ನಿಲ್ಲದೆ ನಡೆದವು. ಆ ಗಳಿಗೆಯಲ್ಲಿ ಆದಷ್ಟು ಖುಷಿ ಆಮೇಲೆ ಬಂದ ಯಾವ ಫಲಿತಾಂಶಕ್ಕೂ ಆಗಲಿಲ್ಲ.

ಎಣಿಸುವುದು ಹೇಗೆ

"ತಿರುಗಿತು" ಅಂದರೆ ಏನು? ಅರ್ಧ ತಿರುಗಿ ಮತ್ತೆ ಮುಂದೆ ಹೋದರೆ? ನಿಂತು, ಹಿಂದೆ ಎರಡು ಹೆಜ್ಜೆ ಇಟ್ಟರೆ? ನಡುವಿನ ಪಟ್ಟಿಯಲ್ಲಿ 3 ಸೆಂ.ಮೀ.ಗೆ ಪೆನ್ಸಿಲ್ ಗುರುತು ಹಾಕಿದೆ. ಪಟ್ಟಿಗೆ ಕಾಲಿಟ್ಟ ಇರುವೆ ಆ ಗುರುತು ದಾಟಿದರೆ "ದಾಟಿತು". ಗುರುತು ಮುಟ್ಟುವ ಮೊದಲು ಹಿಂದಿನ ಪಟ್ಟಿಗೆ ವಾಪಸ್ ಹೋದರೆ "ತಿರುಗಿತು". ನಡುವೆ ಏನು ನೃತ್ಯ ಮಾಡಿದರೂ ಲೆಕ್ಕಕ್ಕಿಲ್ಲ.

ಪ್ರತಿ ಬದಲಾವಣೆಗೆ ಮೊದಲ ಇರುವೆಯನ್ನು ಮಾತ್ರ ಎಣಿಸಿದೆ. ಮೊದಲು ಹತ್ತು ಹತ್ತು ಎಣಿಸುತ್ತಿದ್ದೆ. ಆದರೆ ಒಂದು ತಿರುಗಿದರೆ ಹಿಂದಿನದಕ್ಕೆ ಡಿಕ್ಕಿ ಹೊಡೆಯುತ್ತದೆ, ಅದೂ ತಿರುಗುತ್ತದೆ. ಒಂದು ದಾಟಿದರೆ ತಾನೇ ಜಾಡು ಹಾಕುತ್ತಾ ಹೋಗುತ್ತದೆ. ಹತ್ತು ಇರುವೆ ಎಣಿಸಿದರೂ ಸಿಗುವುದು ಹತ್ತು ಬಿಡಿ ಉತ್ತರಗಳಲ್ಲ, ಒಂದರ ಕಥೆಯನ್ನೇ ಹತ್ತು ಬಾಯಿಂದ ಕೇಳಿದಂತೆ.

ಇನ್ನೊಂದು ತೊಂದರೆ ನಾನೇ. ಹೊಸ ಪಟ್ಟಿ ಅಂತ ಗೊತ್ತಿದ್ದರೆ ಕಣ್ಣು ತಿರುಗಿದ್ದನ್ನೇ ಹುಡುಕುತ್ತದೆ. ಗಣಿತ ಮಾಡುವ ಕುದುರೆ ಎಂದು ಹೆಸರಾದ ಹಾನ್ಸ್ ಕಥೆ ಇದೇ ಅಲ್ವಾ? ಗೊರಸು ತಟ್ಟಿ ಲೆಕ್ಕ ಹೇಳುತ್ತಿದ್ದ ಅದು, ನಿಜಕ್ಕೂ ಓದುತ್ತಿದ್ದದ್ದು ಪ್ರಶ್ನೆ ಕೇಳುವವರ ತಲೆ, ಮೈಯ ಸಣ್ಣ ಚಲನೆಗಳನ್ನು. ಕೇಳುವವರಿಗೇ ಉತ್ತರ ಗೊತ್ತಿಲ್ಲದಾಗ ಕುದುರೆಗೂ ಗೊತ್ತಾಗುತ್ತಿರಲಿಲ್ಲ. ಮನೋವಿಜ್ಞಾನಿ ಆಸ್ಕರ್ ಫುಂಗ್‌ಸ್ಟ್ 1907ರಲ್ಲಿ ಇದನ್ನು ಬಯಲು ಮಾಡಿದರು. ಇರುವೆ ನನ್ನ ಮುಖ ಓದುವುದಿಲ್ಲ, ಸರಿ. ಆದರೆ ನಾನು ಇರುವೆಯನ್ನು ನನಗೆ ಬೇಕಾದ ಹಾಗೆ ಓದಬಹುದು. ಅದಕ್ಕೆ ಗೆಳೆಯ ಪಟ್ಟಿ ಬದಲಿಸಿದ, ಪಟ್ಟಿಯ ಅಡಿಯಲ್ಲಿ ನಂಬರ್ ಬರೆದ, ಫೋನ್ ವಿಡಿಯೊ ಮಾಡಿತು. ನಾನು ಆಮೇಲೆ ವಿಡಿಯೊ ನೋಡಿ ಎಣಿಸಿದೆ. ಮೊದಲು ಕಣ್ಣಿನಲ್ಲೇ ಎಣಿಸಿದ್ದನ್ನು ತಾಳೆ ನೋಡಿದರೆ ಎರಡು ಕಡೆ ತಪ್ಪು. ಎರಡೂ ನನ್ನ ಊಹೆಗೆ ಅನುಕೂಲವಾಗುವ ತಪ್ಪೇ!

ನಾಲ್ಕು ಬಗೆಯ ಪಟ್ಟಿ, ಒಂದೊಂದಕ್ಕೆ 12 ಸಲ. ಹಾಗೇ ವಾಪಸ್ ಇಟ್ಟದ್ದರಲ್ಲಿ 11 ಸಲ ಮೊದಲ ಇರುವೆ ದಾಟಿತು. ಹೊಸ ಕಾಗದದಲ್ಲಿ 3 ಸಲ. ಬೆರಳಿನಿಂದ ಉಜ್ಜಿದ ಹೊಸ ಕಾಗದದಲ್ಲಿ 2 ಸಲ. ಬೆವರೂ ಸೇರಿದ್ದಕ್ಕೆ ಏನಾದರೂ ಜಾಸ್ತಿ ಆಯಿತೇ ಅಂತ 3 ಮತ್ತು 2ರ ನಡುವೆ ಹುಡುಕುವುದರಲ್ಲಿ ಅರ್ಥವಿಲ್ಲ. ಆದರೆ ಯಾರೂ ಜಜ್ಜಿಹೋಗದೆ, ಬೆರಳು ತಾಕದೆ, ಮೇಲ್ಮೈ ಬದಲಾದದ್ದಕ್ಕೇ ಅವು ತಿರುಗುತ್ತವೆ ಅನ್ನುವುದು ಕಂಡಿತು.

ನಾಲ್ಕನೇ ಬಗೆ ನನ್ನ ಆಸೆಯದ್ದು. ಹಳೇ ಪಟ್ಟಿಯನ್ನೇ ತುದಿಗೆ ತುದಿ ತಿರುಗಿಸಿ ಇಡುವುದು. ಜಾಡಿನಲ್ಲಿ "ಗೂಡು ಈ ಕಡೆ" ಎಂಬ ಬಾಣದ ಗುರುತು ಇದ್ದರೆ ಇರುವೆ ಎಡವಬೇಕು. 12ರಲ್ಲಿ 10 ಸಲ ದಾಟಿತು, ಎಡವಿದ ಲಕ್ಷಣ ಇಲ್ಲ. ನೇರ ಗೆರೆಯಲ್ಲಿ ದಿಕ್ಕು ಕಾಣಲಿಲ್ಲ. ದಿಕ್ಕು ಬೇರೆ ಕಡೆ ಇರಬಹುದು ಅನ್ನುವುದಕ್ಕೆ ಒಂದು ಸೊಗಸಾದ ಕೆಲಸ ಇದೆ. ಫರೋ ಇರುವೆಗಳ ಜಾಡು ಗೂಡಿನಿಂದ ಹೊರಗೆ ಹೋಗುತ್ತಾ ಕವಲೊಡೆಯುವಾಗ ಕವಲಿನ ಕೋನ ಸುಮಾರು 60 ಡಿಗ್ರಿ. ದಾರಿ ತಪ್ಪಿದ ಇರುವೆ ಕವಲಿಗೆ ಬಂದಾಗ ಆ ಕೋನದಿಂದಲೇ ಗೂಡು ಯಾವ ಕಡೆ ಎಂದು ತಿಳಿದುಕೊಳ್ಳುತ್ತದೆ. 2004ರಲ್ಲಿ ಇದು ಗೊತ್ತಾಯಿತು. ಬಾಣ ಗೆರೆಯಲ್ಲಿ ಇಲ್ಲ, ಗೆರೆಗಳು ಕೂಡುವ ಜಾಗದಲ್ಲಿದೆ. ನನ್ನ ಸೇತುವೆಯಲ್ಲಿ ಕವಲೇ ಇರಲಿಲ್ಲ, ಹಾಗಾಗಿ ಅದನ್ನು ಕೇಳುವ ದಾರಿಯೂ ಇರಲಿಲ್ಲ.

ಮೂರನೇ ಸೇತುವೆ, ಕವಲಿನದ್ದು

ಅದಕ್ಕೇ ಕವಲು ಕಟ್ಟಿದೆ. ಇಂಗ್ಲಿಷಿನ ವೈ ಅಕ್ಷರದ ಆಕಾರ. ಹೊಸ ಪ್ರಶ್ನೆ: "ನಡೆದ ಪಟ್ಟಿ ಒಂದು ಕಡೆ, ಹೊಸ ಪಟ್ಟಿ ಇನ್ನೊಂದು ಕಡೆ ಇದ್ದರೆ ಯಾವ ಕಡೆ ಹೋಗುತ್ತವೆ?" ನಡೆದ ಪಟ್ಟಿಯನ್ನು ಎಡಕ್ಕೆ ಇಟ್ಟೆ. 20 ಇರುವೆಗಳಲ್ಲಿ 14 ಎಡಕ್ಕೆ ಹೋದವು. ನಾನು ಗೆದ್ದೆ ಅಂದುಕೊಂಡೆ.

"ಎರಡೂ ಕಡೆ ಹೊಸದು ಹಾಕು ನೋಡೋಣ" ಅಂದ ಗೆಳೆಯ. ಹಾಕಿದೆ. ಈಗಲೂ ಜಾಸ್ತಿ ಎಡಕ್ಕೇ ಹೋದವು.

ಸಿಟ್ಟು ಬಂತು. ಆದರೆ ಅವನು ಕೇಳಿದ್ದು ಸರಿಯಾಗಿತ್ತು. ಲೆಕ್ಕ ಮಾಡಿದರೆ 14ಕ್ಕೂ ಅಂಥ ತೂಕ ಇರಲಿಲ್ಲ. ಒಂದು ನಾಣ್ಯವನ್ನು 20 ಸಲ ಚಿಮ್ಮಿದರೆ, 14 ಅಥವಾ ಅದಕ್ಕಿಂತ ಜಾಸ್ತಿ ಸಲ ಒಂದೇ ಮುಖ ಬೀಳುವುದು 100ಕ್ಕೆ ಸುಮಾರು 11 ಸಲ ಸುಮ್ನೆ ಆಗುತ್ತದೆ. ಅದರ ಮೇಲೆ ದೀಪ ಎಡಗಡೆ ಇತ್ತು. ಅದರ ಮೇಲೆ ಇರುವೆಗಳನ್ನು ಸಾಲಾಗಿ ಬಿಟ್ಟಿದ್ದೆ.

ಈ ಕೊನೆಯದು ಬರೀ ತಪ್ಪಲ್ಲ, ಅದರಲ್ಲಿ ಒಂದು ಕಥೆ ಇದೆ. 1990ರಲ್ಲಿ ವಿಜ್ಞಾನಿ ಡೆನ್ಯೂಬೋರ್ಗ್ ಮತ್ತು ಜೊತೆಗಾರರು ಅರ್ಜೆಂಟೀನಾ ಇರುವೆಗಳಿಗೆ ಒಂದೇ ಉದ್ದದ ಎರಡು ಕವಲಿನ ಸೇತುವೆ ಕೊಟ್ಟರು. ಶುರುವಿನಲ್ಲಿ ಎರಡೂ ಕಡೆ ಹೋದವು. ಆಮೇಲೆ ಹೆಚ್ಚುಕಡಿಮೆ ಎಲ್ಲವೂ ಒಂದೇ ಕವಲು ಹಿಡಿದವು. ಯಾವ ಕವಲು ಅನ್ನುವುದು ಒಂದೊಂದು ಸಲ ಒಂದೊಂದು. ಮೊದಲು ಆಕಸ್ಮಿಕವಾಗಿ ಎರಡು ಇರುವೆ ಜಾಸ್ತಿ ಹೋದ ಕಡೆ ವಾಸನೆ ಸ್ವಲ್ಪ ಜಾಸ್ತಿ, ವಾಸನೆ ಜಾಸ್ತಿ ಇರುವ ಕಡೆ ಇರುವೆ ಇನ್ನೂ ಜಾಸ್ತಿ. ಅದಕ್ಕೂ ಮೊದಲು 1989ರಲ್ಲಿ ಒಂದು ಕವಲು ಉದ್ದ, ಒಂದು ಗಿಡ್ಡ ಮಾಡಿ ನೋಡಿದಾಗ, ಗಿಡ್ಡ ದಾರಿಯಲ್ಲಿ ಬೇಗ ಹೋಗಿ ಬೇಗ ಬರುವುದರಿಂದ ಅಲ್ಲಿಯೇ ಜಾಡು ಮೊದಲು ಬಲವಾಗಿತ್ತು. ಯಾವ ಇರುವೆಯೂ ಉದ್ದ ಅಳೆಯಬೇಕಾಗಿಲ್ಲ. ಹೊರಗಿನಿಂದ ನೋಡಿದವರು "ಇರುವೆಗಳು ಗಿಡ್ಡ ದಾರಿ ಆರಿಸಿಕೊಂಡವು" ಅನ್ನುತ್ತಾರೆ. "ಆರಿಸಿಕೊಂಡವು" ಅನ್ನುವ ಪದದಲ್ಲಿ ನನ್ನ ಹಳೇ "ಗಾಬರಿ"ಯೇ ಕೂತಿದೆ.

ಸಾಲಾಗಿ ಬಿಟ್ಟರೆ ನಾನು ಕೇಳುತ್ತಿರುವುದು ಗುಂಪಿನ ಪ್ರಶ್ನೆ. ನನಗೆ ಬೇಕಾದದ್ದು ಒಂದು ಇರುವೆಯ ಪ್ರಶ್ನೆ.

ನಾಲ್ಕನೇ ಸೇತುವೆ

ಅದೇ ಕವಲು, ಆದರೆ ಮೇಲೆ ಬಿಳಿ ಡಬ್ಬಿಯ ಮುಚ್ಚಳ, ಬೆಳಕು ಮೇಲಿನಿಂದ ಸಮನಾಗಿ ಬರುವ ಹಾಗೆ. ಕವಲಿನ ಬಾಯಿಗೆ ಕಾಗದದ ಒಂದು ಸಣ್ಣ ಗೇಟ್. ಒಂದು ಇರುವೆ ಒಳಗೆ ಬಂದ ಕೂಡಲೇ ಇಳಿಸುವುದು. ನಡೆದ ಪಟ್ಟಿ ಎಡಕ್ಕೋ ಬಲಕ್ಕೋ ಅನ್ನುವುದನ್ನು ಪ್ರತಿ ಸಲ ನಾಣ್ಯ ಚಿಮ್ಮಿ ತೀರ್ಮಾನಿಸುವುದು. ಒಂದು ಇರುವೆ ಹೋದ ಮೇಲೆ ಎರಡೂ ಕವಲಿನ ಕಾಗದ, ಕಾಂಡದ ಕಾಗದ ಎಲ್ಲಾ ಬದಲು. ನಡೆದ ಪಟ್ಟಿಗಳನ್ನು ಮುಖ್ಯ ಸೇತುವೆಯಿಂದ ಆಗಷ್ಟೇ ಎತ್ತಿ ತರುವುದು.

ಗೇಟ್ ಸಾಕಷ್ಟು ಕಾಡಿತು. ಕಾಗದದ್ದು ಮೊದಲ ದಿನವೇ ಸೊಟ್ಟಗಾಯಿತು. ಹಳೇ ಪ್ಲಾಸ್ಟಿಕ್ ಕಾರ್ಡಿನ ತುಂಡು ಹಾಕಿದ ಮೇಲೆ ನಿಂತಿತು.

20ರಲ್ಲಿ 17 ಇರುವೆಗಳು ನಡೆದ ಪಟ್ಟಿಯ ಕಡೆ ಹೋದವು. ನಾಣ್ಯ ಚಿಮ್ಮಿ ಇಷ್ಟು ಏರುಪೇರು ಬರುವುದು 1000ಕ್ಕೆ 3 ಸಲಕ್ಕಿಂತ ಕಡಿಮೆ. ಆ ಪಟ್ಟಿಯ ಆಚೆ ತುದಿಯಲ್ಲಿ ಸಕ್ಕರೆ ಇರಲಿಲ್ಲ, ಏನೂ ಇರಲಿಲ್ಲ. ಖಾಲಿ ತುದಿಗೆ ಹೋಗಿ ಮೀಸೆ ಆಡಿಸುತ್ತಾ ನಿಂತವು. ಪಾಪ ಅನ್ನಿಸಿತು, ಒಂದು ಹನಿ ಕೊಟ್ಟು ಕಳಿಸಿದೆ.

ಈಗ "ಫೆರೊಮೋನ್ ಅಂತ ಸಾಬೀತಾಯಿತು" ಎಂದು ಬರೆಯಲು ಕೈ ತುರಿಸಿತು. ಬರೆಯಲಿಲ್ಲ. ನಡೆದ ಪಟ್ಟಿಯ ಮೇಲೆ ಜಾಡಿನ ಫೆರೊಮೋನ್ (ಬೇರೆ ಇರುವೆಗಳಿಗೆ ದಾರಿ ತೋರಿಸಲು ಬಿಡುವ ರಾಸಾಯನಿಕ) ಇರಬಹುದು, ನೂರಾರು ಕಾಲುಗಳು ಬಿಟ್ಟ ಹೆಜ್ಜೆಯ ವಾಸನೆಯೂ ಇರಬಹುದು. ನನ್ನ ಸೇತುವೆ ಇವೆರಡನ್ನು ಬೇರೆ ಮಾಡಲಾರದು. ಇರುವೆ ತಜ್ಞ ಎಡ್ವರ್ಡ್ ವಿಲ್ಸನ್ 1959ರಲ್ಲಿ ಬೆಂಕಿ ಇರುವೆಯ ಹೊಟ್ಟೆಯೊಳಗಿನ ಡ್ಯೂಫೋರ್ ಗ್ರಂಥಿಯನ್ನು ಹೊರತೆಗೆದು, ಅದನ್ನೇ ಗೆರೆಯಾಗಿ ಹಚ್ಚಿದಾಗ ಇರುವೆಗಳು ಗುಂಪಾಗಿ ಆ ಗೆರೆ ಹಿಡಿದು ಬಂದವು. ಯಾವ ಇರುವೆಯೂ ನಡೆಯದ ಜಾಗದಲ್ಲಿ ಬರೀ ಗ್ರಂಥಿಯ ರಸದ ದಾರಿ. ಅವರು ಹೆಸರು ಹೇಳಬಹುದಿತ್ತು. ನಾನು "ನಡೆದ ಪಟ್ಟಿಯಲ್ಲಿ ಏನೋ ಇದೆ, ಅದು ಬೇಗ ಮಂಕಾಗುತ್ತದೆ" ಎಂದಷ್ಟೇ ಬರೆದೆ.

ಇನ್ನೊಂದು ವಿಷಯ. ಇದು ನನ್ನ ಗೋಡೆಯ ಇರುವೆಯ ಉತ್ತರ, ಎಲ್ಲಾ ಇರುವೆಗಳದ್ದಲ್ಲ. ಸಹಾರಾ ಮರುಭೂಮಿಯ ಕ್ಯಾಟಗ್ಲಿಫಿಸ್ ಇರುವೆ ಕಾದ ಉಪ್ಪಿನ ಬಯಲಿನಲ್ಲಿ ಜಾಡು ಹಾಕದೆ ಒಂಟಿಯಾಗಿ ತಿರುಗುತ್ತದೆ. ಅದು ಹೆಜ್ಜೆ ಲೆಕ್ಕ ಇಡುತ್ತದೆಯೇ ಎಂದು ನೋಡಲು, 2006ರಲ್ಲಿ ಸಂಶೋಧಕರು ಅದರ ಕಾಲಿಗೆ ಹಂದಿಯ ಬಿರುಗೂದಲು ಅಂಟಿಸಿ ಮರಗಾಲು ಕಟ್ಟಿದರು. ತಿಂಡಿ ಸಿಕ್ಕ ಜಾಗದಲ್ಲಿ ಮರಗಾಲು ಕಟ್ಟಿಸಿಕೊಂಡವು ಗೂಡು ದಾಟಿ ಮುಂದೆ ಹೋಗಿ ಹುಡುಕಿದವು. ಕಾಲು ಗಿಡ್ಡ ಮಾಡಿಸಿಕೊಂಡವು ಗೂಡಿಗಿಂತ ಮೊದಲೇ ನಿಂತವು. "ಇರುವೆ ಮನೆಗೆ ಹೇಗೆ ಬರುತ್ತದೆ?" ಎಂದು ಬರೆದಿದ್ದರೆ ಈ ಎರಡೂ ಉತ್ತರಗಳು ಒಂದರ ಮೇಲೊಂದು ಬಿದ್ದು ಜಗಳವಾಡುತ್ತಿದ್ದವು. ನೋಟ್‌ಬುಕ್ಕಿನ ಪ್ರತಿ ಪ್ರಶ್ನೆಯಲ್ಲೂ ಈಗ "ಈ ಇರುವೆ" ಎಂದು ತಿದ್ದಿದ್ದೇನೆ.

ಉಳಿದ ಮೂರು

ಎರಡನೇ ಸೇತುವೆಯ ವಿಡಿಯೊಗಳನ್ನು ಮತ್ತೆ ನೋಡುತ್ತಿದ್ದೆ. ಹೊಸ ಕಾಗದದಲ್ಲಿ 12ಕ್ಕೆ 3 ಇರುವೆಗಳು ದಾಟಿದವು ಎಂದೆನಲ್ಲ, ಅವು ದಾಟಿದ ರೀತಿ ಬೇರೆ. ತಡವರಿಸಿ, ಹುಡುಕಿ ದಾಟಿದ್ದಲ್ಲ. ಕಾಗದ ಬದಲಾದದ್ದು ಗೊತ್ತೇ ಆಗದ ಹಾಗೆ ಅದೇ ವೇಗದಲ್ಲಿ ನಡೆದುಹೋದವು. ಮೊದಲು ಎಣಿಸುವಾಗ ಇದು ಕಣ್ಣಿಗೆ ಬಿದ್ದಿರಲಿಲ್ಲ. ನನ್ನ ನಿಯಮದಲ್ಲಿ "ದಾಟಿತು" ಅಷ್ಟೇ ಇತ್ತು.

ಅವು ದಾರಿಯನ್ನು ನೆನಪಿಟ್ಟುಕೊಂಡಿದ್ದವೇ? ಲೇಸಿಯಸ್ ನೈಜರ್ ಎಂಬ ಕಪ್ಪಿರುವೆಯಲ್ಲಿ, ಒಮ್ಮೆ ಹೋಗಿ ಬಂದ ಇರುವೆಗಳ ನೆನಪೂ ಜಾಡೂ ಬೇರೆ ಬೇರೆ ದಾರಿ ತೋರಿಸಿದಾಗ, ಅವು ಬಹುಪಾಲು ನೆನಪಿನ ದಾರಿಯನ್ನೇ ಹಿಡಿಯುತ್ತವೆ ಎಂದು ಕಂಡುಬಂದಿದೆ. ನನ್ನವೂ ಹಾಗಿದ್ದರೆ, ಹಳೇ ಗಿರಾಕಿಗಳು ದಾಟಬೇಕು, ಹೊಸಬರು ತಿರುಗಬೇಕು. ಯಾರು ಹಳಬರು, ಯಾರು ಹೊಸಬರು ಎಂದು ಗೊತ್ತಾಗಬೇಕಾದರೆ ಗುರುತು ಹಾಕಬೇಕು. ಸೂಜಿಯ ತುದಿಯಿಂದ ಹೊಟ್ಟೆಯ ಮೇಲೆ ಒಂದು ಚುಕ್ಕೆ ಬಣ್ಣ. ಸಕ್ಕರೆ ಹೀರುತ್ತಾ ನಿಂತಾಗ ಹಾಕುವುದು ಸುಲಭ, ಆಗ ಅಲ್ಲಾಡುವುದಿಲ್ಲ.

ಮೊದಲ ಪ್ರಯತ್ನದಲ್ಲಿ ಚುಕ್ಕೆ ದೊಡ್ಡದಾಯಿತು. ಆ ಇರುವೆ ಗೂಡಿಗೆ ಹೋಗಿ ಬಂದಾಗ ಬಣ್ಣವೇ ಇರಲಿಲ್ಲ. ಬೇರೆಯವು ಕಿತ್ತು ಹಾಕಿದವೋ, ತಾನೇ ಉಜ್ಜಿಕೊಂಡಿತೋ, ಅಥವಾ ಬಂದದ್ದು ಬೇರೆ ಇರುವೆಯೋ, ಹೇಗೆ ಹೇಳುವುದು? ಸಣ್ಣ ಸೂಜಿ ತಂದಿದ್ದೇನೆ. ಬೆಳಿಗ್ಗೆಯಿಂದ ಆರು ಇರುವೆಗಳಿಗೆ ಹಳದಿ ಚುಕ್ಕೆ ಹಾಕಿ ಆಗಿದೆ. ಎರಡು ಈಗಷ್ಟೇ ವಾಪಸ್ ಬಂದು ಸೇತುವೆ ಹತ್ತಿದವು, ಚುಕ್ಕೆ ಹಾಗೇ ಇದೆ.